ನಾಲ್ಕು ಕೈಯ ನರ್ಸಮ್ಮ

ಮರುಳಸಿದ್ದಪ್ಪನಿಗೆ ಪ್ಲೇಗಿಗಿಂತ ಪ್ಲೇಗಿನ ಸೂಜಿಯ ಭಯವೇ ಹೆಚ್ಚು. ಹಗಲಿರುಳು ದುಡಿದ ಆಸ್ಪತ್ರೆಯವರ ಉಪಕಾರ ಸ್ಮರಣೆಗೆ ಅಲ್ಲಿನ ಗೋಡೆಯ ಮೇಲೊಂದು ಚಿತ್ರ ಬರೆಯೋಣವೆಂದು ಹಿರಿಯೂರಿನ ಡ್ರಾಯಿಂಗ್ ಕ್ಲಾಸಿನವರು ಹೊರಟಾಗ ಇವನೇ ಎಲ್ಲರಿಗಿಂತ ಮುಂದೆ ನಿಂತ. ಉಳಿದವರದು ಕೃತಜ್ಞತೆ, ಇವನದು ಬರೀ ಉಪಾಯ. ತಮ್ಮ ಚಿತ್ರ ಬರೆದವನ ತೋಳಿಗೆ ಯಾವ ನರ್ಸಮ್ಮ ತಾನೇ ಸೂಜಿ ಚುಚ್ಚಿಯಾರು?

ಬೆಳಿಗ್ಗೆ ಉಳಿದವರು ತೋರಣ, ಬಳ್ಳಿ ಎಂದು ಸುಲಭದ್ದನ್ನು ಹಂಚಿಕೊಂಡರು. ನರ್ಸಮ್ಮನ ಆಕೃತಿ ಇವನ ಪಾಲಿಗೆ ಬಂತು. ಮುಖ ಹೇಗೋ ಬಂತು, ಕೈ ಬರಲಿಲ್ಲ. ಸೂಜಿ ಹಿಡಿದ ಕೈ ಬದನೆಕಾಯಿಯ ಹಾಗಾಯಿತು. ಸುಣ್ಣ ಬಳಿದು ಮುಚ್ಚಿ, ಪಕ್ಕದಲ್ಲಿ ಇನ್ನೊಂದು ಬರೆದ. ಬಾಟಲಿ ಹಿಡಿದ ಕೈಗೂ ಅದೇ ಗತಿ. ಮಧ್ಯಾಹ್ನದ ಹೊತ್ತಿಗೆ ತೆಳ್ಳನೆಯ ಸುಣ್ಣದೊಳಗಿಂದ ಕೆಮ್ಮಣ್ಣಿನ ಹಳೆಯ ಕೈಗಳೆರಡೂ ಎದ್ದು ಕಂಡವು.

ಅಳಿಸುವ ಮೊದಲೇ ಪಕ್ಕದ ಮನೆಯ ಮುದ್ದಕ್ಕ ನೋಡಿ ಕೈ ಮುಗಿದಳು.

"ಬರ್ರೇ, ಅಮ್ಮ ಬಂದವ್ಳೆ. ನಾಕು ಕೈ ಐತೆ ನೋಡ್ರಿ."

"ಅದು ನರ್ಸಮ್ಮ ಕಣಜ್ಜಿ. ಕೈ ತಪ್ಪಿ ಬರೆದೋನು ನಾನು."

"ಸುಮ್ಕಿರಪ್ಪ. ಒಂದು ಕೈ ನೆಟ್ಟಗೆ ಬರಿಯಾಕೆ ಬಾರದೋನು ನಾಕು ಬರೀತೀಯಾ? ಅಮ್ಮನೇ ಬರೆಸ್ಕಂಡವ್ಳೆ."

ಸಂಜೆಯೊಳಗೆ ಬೇವಿನ ಸೊಪ್ಪು, ಅರಿಶಿನ, ತೆಂಗಿನಕಾಯಿ ಹಿಡಿದು ಐಮಂಗಲದವರೆಗಿನ ಜನ ಬಂದು ಸೇರಿದರು. ಅಮ್ಮನ ಕೈಯಲ್ಲಿರುವ ಸೂಜಿಮದ್ದೇ ಪ್ರಸಾದವೆಂದು ಮುದ್ದಕ್ಕ ತೀರ್ಪು ಕೊಟ್ಟಳು. ನಿನ್ನೆಯವರೆಗೆ ನರ್ಸಮ್ಮನನ್ನು ಕಂಡರೆ ಹುಲ್ಲಿನ ಬಣವೆಯಲ್ಲಿ ಅಡಗುತ್ತಿದ್ದವರು ತೋಳು ಚಾಚಿ ಸಾಲು ನಿಂತರು. ನರ್ಸಮ್ಮನ ಕಣ್ಣು ತುಂಬಿ ಬಂತು.

"ನಾನು ತಿಂಗಳುಗಟ್ಲೆ ಕಾಲು ಹಿಡಿದ್ರೂ ಒಬ್ರೂ ಬರಲಿಲ್ಲ. ನಿಂಗೇನು ಬೇಕು ಕೇಳಪ್ಪ, ಕೊಡ್ತೀನಿ" ಎಂದರು.

ಬೇಡಿದ ಗಳಿಗೆ ತಾನಾಗಿಯೇ ಬಂದಿತ್ತು. ಮರುಳಸಿದ್ದಪ್ಪ ಬಾಯಿ ತೆರೆದ. ಅಷ್ಟರಲ್ಲಿ ಮುದ್ದಕ್ಕ ಅವನ ರಟ್ಟೆ ಹಿಡಿದಳು.

"ಅವನೇನು ಕೇಳ್ತಾನೆ? ದೇವ್ರನ್ನ ಮಾಡಿದೋನಿಗೆ ಮೊದಲ ಪ್ರಸಾದ, ನಮ್ಮ ಹಿರೇರು ಮಾಡಿಟ್ಟ ಪದ್ಧತಿ. ಅವನು ತಗಳ್ಳದೆ ನಾವ್ಯಾರೂ ತಗಳಲ್ಲ."

ಸಾಲಿಗೆ ಸಾಲೇ ತಲೆಯಾಡಿಸಿತು. ನರ್ಸಮ್ಮ ಪಾಪ, ಜನವನ್ನೊಮ್ಮೆ ಇವನನ್ನೊಮ್ಮೆ ನೋಡಿ ಸೂಜಿ ಎತ್ತಿಕೊಂಡರು. ತಾನು ಓಡಿದರೆ ಊರೇ ಸೂಜಿ ಬೇಡವೆಂದು ಮನೆಗೆ ಹಿಂದಿರುಗುತ್ತದೆ. ಮರುಳಸಿದ್ದಪ್ಪ ಕಣ್ಣು ಮುಚ್ಚಿ ತೋಳು ಕೊಟ್ಟ. ಆಮೇಲೆ ಅವನು ಅರಚಿದ ಅರಚುವಿಕೆಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋದವು.

ಐಮಂಗಲದ ಗೌಡರು ಭಕ್ತಿಯಿಂದ ಕೈ ಮುಗಿದರು.

"ಅಮ್ಮ ಇವನ ಮೈಮೇಲೆ ಬಂದವ್ಳೆ. ನಾಳೆ ನಮ್ಮೂರಾಗೂ ಬರೀಲಿ. ಅಲ್ಲೂ ಮೊದಲ ಪ್ರಸಾದ ಇವನಿಗೇ."