ಇಪ್ಪತ್ತು ಕಿಲೋ ಜೋಳ, ಐದು ಬಾಯಿ

ಲೇಬಲ್ಲು ಮೊದಲು ಹುಟ್ಟಿತು, ಬಿಯರ್ ಆಮೇಲೆ. ತಾಪತ್ರಯಕ್ಕೆಲ್ಲ ಇದೇ ಮೂಲ.

ಲೇಬಲ್ಲನ್ನು ಹುಟ್ಟಿಸಿದವನು ಹಂಡೆಯಣ್ಣನ ಬಾಮೈದ. ಅಂದರೆ ಹೆಂಡತಿಯ ತಮ್ಮ. ಅಂದರೆ ಹಂಡೆಯಣ್ಣನ ಯಜಮಾನ. ಮನೆಯಲ್ಲಿ "ಭಾವ" ಎಂದು ಎದ್ದು ನಿಲ್ಲುತ್ತಿದ್ದವನು ಬ್ರೂವರಿಯಲ್ಲಿ "ಭಾವಾ" ಎಂದು ಕೂತಲ್ಲಿಂದಲೇ ಕೂಗುತ್ತಿದ್ದ. ಹಿಂದೆ ಮೇಜು ಕುರ್ಚಿ ಮಾಡುತ್ತಿದ್ದ ಒಂದು ಶೆಡ್ಡನ್ನು ಹಿಡಿದು, ಒಳಗೆ ಮೂರು ದೊಡ್ಡ ಹಂಡೆ ಇಟ್ಟು, ಹಳೆಯ ಕಾಲದ, ಈಗ ಯಾರೂ ಮಾಡದ ಬಿಯರುಗಳನ್ನು ಮಾಡುತ್ತೇನೆಂದು ಹೊರಟಿದ್ದ. ಈಗ ಯಾರೂ ಯಾಕೆ ಮಾಡುವುದಿಲ್ಲ ಎಂಬುದು ಒಂದೊಂದಾಗಿ ತಿಳಿಯುತ್ತ ಬಂತು. ಪೈನ್ ಮರದ ಚಿಗುರು ಹಾಕಿದ ಬಿಯರು ನೆಲ ಒರೆಸುವ ನೀರಿನ ಹಾಗಿತ್ತು. ಹೊಗೆಯಲ್ಲಿ ಒಣಗಿಸಿದ ಕಾಳಿನ ಬಿಯರನ್ನು ಕುಡಿದವರು ಎಲ್ಲಿ ಬೆಂಕಿ ಬಿತ್ತೋ ಎಂದು ಸುತ್ತಮುತ್ತ ನೋಡಿದರು. ಕೆಂಪಗೆ ಕಾದ ಕಲ್ಲನ್ನು ಹಂಡೆಗೆ ಇಳಿಸಿ ಕುದಿಸುವ ಬಿಯರಂತೂ ಬಿಯರಾಗುವ ತನಕ ಕಾಯಲೇ ಇಲ್ಲ. ಕಲ್ಲು ಸಿಡಿದು ಕಿಟಕಿಯ ಗಾಜಿನ ಮೂಲಕ ಹೊರಟುಹೋಯಿತು.

ಹಂಡೆಯಣ್ಣನಿಗೆ ಇದ್ದದ್ದು ಒಂದೇ ಆಸೆ. ಬಾಟಲಿಯ ಮೇಲೆ ತನ್ನ ಹೆಸರು. ದೊಡ್ಡ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಬಿಯರ್ ಮಾಡಿದ್ದ. ಲಕ್ಷಾಂತರ ಬಾಟಲಿ ಅವನ ಕಣ್ಣೆದುರು ಮೆರವಣಿಗೆ ಹೋದವು, ಒಂದಾದರೂ ಅವನ ಹೆಸರು ಹೇಳಲಿಲ್ಲ. ಬಾಮೈದ ಆ ಹುಣ್ಣನ್ನು ಬಲ್ಲವನು. "ಒಂದೇ ಒಂದು ಹೋಟೆಲು ನಮ್ಮ ಬಿಯರ್ ತಗೊಳ್ಳಲಿ ಭಾವ, ಆವತ್ತೇ ನಿಮ್ಮ ಹೆಸರು ಅಚ್ಚು ಹಾಕಿಸ್ತೀನಿ" ಎಂದು ಆ ಕೆಲಸ ಬಿಡಿಸಿ ಕರೆತಂದಿದ್ದ. ಮೂರು ಬಿಯರ್ ಬಂದು ಹೋದವು, ಹೋಟೆಲು ಬರಲಿಲ್ಲ. ನಾಲ್ಕನೆಯದೂ ಮಲಗಿದರೆ ಶೆಡ್ಡಿಗೆ ಬೀಗವೇ ಗತಿ ಎಂಬುದು ಹಂಡೆಗಳಿಗೂ ಗೊತ್ತಿತ್ತು.

ನಾಲ್ಕನೆಯದರ ಲೇಬಲ್ಲನ್ನು ಬಾಮೈದ ಮಗುವನ್ನು ತೋರಿಸುವ ಹಾಗೆ ಎರಡೂ ಕೈಯಲ್ಲಿ ಎತ್ತಿ ತೋರಿಸಿದ. "ಓದಿ ಭಾವ."

ಹಂಡೆಯಣ್ಣ ಓದಿದ. 'ಪೂರ್ವಿಕರ ಕ್ರಮದಲ್ಲಿ, ಕಾಳು ಕಾಳನ್ನೂ ಬಾಯಲ್ಲಿ ಅಗಿದು ಮಾಡಿದ ಬಿಯರ್.'

"ಅಗಿಯೋದು ಯಾರು?"

"ಎಲ್ಲರಿಗೂ ಬಾಯಿದೆಯಲ್ಲ ಭಾವ. ಎಲ್ಲೋ ಬೆಟ್ಟದ ಕಡೆಯ ಜನ ಸಾವಿರಾರು ವರ್ಷದಿಂದ ಹೀಗೇ ಮಾಡ್ತಿದ್ದಾರಂತೆ. ಮನೆಮಂದಿಯೆಲ್ಲ ಸುತ್ತ ಕೂತು ಮೆಕ್ಕೆಜೋಳ ಅಗಿದು ಅಗಿದು ಪಾತ್ರೆಗೆ ಉಗುಳ್ತಾರಂತೆ."

"ಅದು ನಿಜ ಕಣಯ್ಯ. ಜೊಲ್ಲು ತಾಗಿದರೆ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗುತ್ತೆ, ಆ ಸಕ್ಕರೆ ಹುಳಿದು ಬಿಯರಾಗುತ್ತೆ. ಆದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಹಾಕಿದರೂ ಅದೇ ಕೆಲಸ ಆಗುತ್ತೆ. ಜೊಲ್ಲೇ ಯಾಕೆ? ಎಲ್ಲರೂ ಬಾರ್ಲಿ ತಾನೇ ಹಾಕೋದು?"

"ಎಲ್ಲರೂ ಮಾಡೋದನ್ನ ಮಾಡೋಕೆ ನಾವ್ಯಾಕೆ ಬೇಕು? ಅಲ್ಲದೆ," ಬಾಮೈದ ದನಿ ತಗ್ಗಿಸಿದ, "ಲೇಬಲ್ ಐದು ಸಾವಿರ ಅಚ್ಚಾಗಿಬಿಟ್ಟಿದೆ."

ಸೋಮವಾರ ಬೆಳಿಗ್ಗೆ ಅಗಿತ ಶುರುವಾಯಿತು. ಇಪ್ಪತ್ತು ಕಿಲೋ ಜೋಳ, ಐದು ಬಾಯಿ: ಲೆಕ್ಕ ಬರೆಯುವ ಹಿರಿಯರು, ವ್ಯಾನಿನ ಡ್ರೈವರು, ಬಾಟಲಿ ತೊಳೆಯುವ ಅಕ್ಕ, ಹಂಡೆಯಣ್ಣನ ಹೆಂಡತಿ, ಕೊನೆಗೆ ಯಜಮಾನನಾದ ಬಾಮೈದ. ಆರನೆಯ ಬಾಯಿಯೂ ಒಂದಿತ್ತು. ಆದರೆ ರುಚಿ ನೋಡುವ ನಾಲಿಗೆ ದಣಿಯಬಾರದು, ಬಿಯರ್ ಮಾಡುವವನು ಅಗಿಯಬಾರದು ಎಂದು ಒಂದು ನಿಯಮವಿದೆಯಂತೆ. ನಿಯಮವನ್ನು ಹೇಳಿದವನೂ ಹಂಡೆಯಣ್ಣನೇ, ಪಾಲಿಸಿದವನೂ ಹಂಡೆಯಣ್ಣನೇ.

ಐವರೂ ಸಾಲಾಗಿ ಕೂತು ಮೌನವ್ರತ ಹಿಡಿದವರ ಹಾಗೆ ಅಗಿದರು. ಆ ಶೆಡ್ಡು ಅಂಥ ಶಾಂತಿಯನ್ನು ಹಿಂದೆಂದೂ ಕಂಡಿರಲಿಲ್ಲ. ಡೀಸೆಲ್ಲಿನ ವಿಷಯಕ್ಕೆ ಲೆಕ್ಕದವರಿಗೂ ಡ್ರೈವರಿಗೂ ದಿನವೂ ನಡೆಯುತ್ತಿದ್ದ ಜಗಳ, ಇಬ್ಬರ ಬಾಯೂ ತುಂಬಿದ್ದರಿಂದ, ಅಂದು ಬರೀ ಹುಬ್ಬುಗಳಲ್ಲಿ ನಡೆಯಿತು.

ಹತ್ತೂವರೆಗೆ ಬಾಟಲಿ ತೊಳೆಯುವ ಅಕ್ಕ ಉಗುಳಿ, ಕೈ ಚೆಲ್ಲಿದಳು. "ಅಣ್ಣಾ, ಬಾಯಲ್ಲಿ ನೀರೇ ಇಲ್ಲ. ಮರಳು ಅಗಿದ ಹಾಗಿದೆ."

ಹಂಡೆಯಣ್ಣ ಹೆಂಡತಿಯ ಕಡೆ ತಿರುಗಿದ. "ನೀನು ಸ್ವಲ್ಪ ಹುಳಿ ಪದಾರ್ಥದ ವರ್ಣನೆ ಮಾಡು. ಬಾಯಲ್ಲಿ ನೀರು ಬರೋ ಹಾಗೆ."

"ಮನೇಲಿ ಹೇಳೋಕೆ ಬಂದರೆ ಸುಮ್ಮನಿರು ಅಂತೀರಿ" ಎಂದಳು ಹೆಂಡತಿ. ಆದರೂ ಬಾಯಿ ಒರೆಸಿಕೊಂಡು, ಕಣ್ಣು ಮುಚ್ಚಿ, ರಾಗವಾಗಿ ಶುರುಮಾಡಿದಳು. "ಒಂದು ನಿಂಬೆಹಣ್ಣು. ಹಳದಿ. ತಣ್ಣಗಿದೆ. ಅಡ್ಡಕ್ಕೆ ಕೊಯ್ದಿದ್ದೀನಿ. ರಸ ಬೆರಳಿನ ಮೇಲೆ ಇಳೀತಾ ಇದೆ. ಅದರ ಮೇಲೆ ಚಿಟಿಕೆ ಉಪ್ಪು..."

ನಾಲ್ಕೂ ದವಡೆ ಹೊಸ ಎಣ್ಣೆ ಬಿಟ್ಟ ಗಾಣದ ಹಾಗೆ ತಿರುಗಿದವು. ಉಪ್ಪು ಎಂಬಲ್ಲಿಗೆ ಬರುವಾಗ ಡ್ರೈವರಿನ ಗಂಟಲು ಗುಳುಕ್ ಎಂದಿತು.

"ನುಂಗಿದೆಯಾ?"

"ನಾನು ನುಂಗಲಿಲ್ಲ ಅಣ್ಣ. ಅದೇ ಹೋಯ್ತು."

ವಿಚಾರಿಸಿದರೆ ಬೆಳಿಗ್ಗೆಯಿಂದ ಅದೇ ಹೋಗುತ್ತಿತ್ತು. ಲೆಕ್ಕದವರೋ, ತುತ್ತಿಗೆ ಮೂವತ್ತೆರಡು ಸಲ ಎಂದು ಎಣಿಸಿ ಅಗಿಯುವವರು. ಒಂದು ಲೋಟ ತುಂಬಿಸಲು ಮಧ್ಯಾಹ್ನವಾಯಿತು. ಸಂಜೆ ಐದಕ್ಕೆ ತೂಗಿ ನೋಡಿದರೆ ಎರಡೇ ಕಿಲೋ. ದವಡೆ ತೆರೆಯದ ಕಾರಣ ಲೆಕ್ಕದವರು ಚೀಟಿ ಬರೆದು ತೋರಿಸಿದರು: 'ಹೀಗೆ ಆದರೆ ಇನ್ನೂ ಒಂಬತ್ತು ದಿನ.' ಬಾಮೈದ ಹೇಗೋ ಗೊತ್ತುಮಾಡಿದ್ದ ಒಂದು ಹೋಟೆಲಿನವರು ರುಚಿ ನೋಡಲು ಬರುವುದು ಶನಿವಾರ.

"ಸಾಕು, ಇದೇ ಹೆಪ್ಪಿನ ಹಾಗೆ ಉಳಿದದ್ದನ್ನೆಲ್ಲ ಎಳೆಯುತ್ತೆ" ಎಂದು ಹಂಡೆಯಣ್ಣ ಎಲ್ಲರನ್ನೂ ಮನೆಗೆ ಕಳಿಸಿದ. ಕದ ಹಾಕಿಕೊಂಡ. ಪಾತ್ರೆಯೊಳಗೆ ಇಣುಕಿದ. ಹೆಂಡತಿಯದಾದರೆ ಸರಿ; ಡ್ರೈವರಿನದು ನೋಡಿ ಮನಸ್ಸು ಒಪ್ಪಲಿಲ್ಲ. ಪಾತ್ರೆಯನ್ನು ಎತ್ತಿ ಹಿತ್ತಿಲ ಗೋಡೆಯಾಚೆ, ಕೋಳಿ ಸಾಕುವ ಪಕ್ಕದ ಮನೆ ಕೋಳಿಯಮ್ಮನ ಗೂಡಿಗೆ ಸುರಿದು ಬಂದ. ಉಳಿದ ಜೋಳವನ್ನು ನುಚ್ಚು ಮಾಡಿ ಬೇಯಿಸಿ, ಮೊಳಕೆ ಬಾರ್ಲಿಯ ಪುಡಿ ಬೆರೆಸಿದ. ಒಂದು ಗಂಟೆಯಾದ ಮೇಲೆ ಬಿಳಿ ತಟ್ಟೆಯ ಮೇಲೆ ಒಂದು ತೊಟ್ಟು ಇಟ್ಟು ಅಯೋಡಿನ್ ಹನಿಸಿದ. ನೀಲಿಯಾಗಲಿಲ್ಲ. ಹಿಟ್ಟೆಲ್ಲ ಸಕ್ಕರೆಯಾಗಿತ್ತು. ಆತ್ಮಸಾಕ್ಷಿಗೂ ಒಂದು ಹನಿ ಹಾಕಿ ನೋಡಿದ್ದರೆ ಏನು ಬಣ್ಣ ಬರುತ್ತಿತ್ತೋ, ಅವನು ನೋಡಲಿಲ್ಲ.

ಶನಿವಾರ ನಾಲ್ಕು ಗಂಟೆಗೆ ಹೋಟೆಲಿನವರು ಬಂದರು. ಇಸ್ತ್ರಿ ಮಾಡಿದ ಕರವಸ್ತ್ರದಂಥ ಮನುಷ್ಯ. ಕೂರುವ ಮುನ್ನ ಕುರ್ಚಿ ಒರೆಸಿಕೊಂಡರು. ಮೊದಲ ಗುಟುಕಿಗೆ ಹುಬ್ಬೇರಿತು. ಮೊದಲ ಲೋಟಕ್ಕೆ "ಹೂಂ" ಎಂದರು. ಎರಡನೆಯದಕ್ಕೆ ಕೋಟಿನ ಗುಂಡಿ ಬಿಚ್ಚಿದರು. ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಬಾಮೈದ ತನ್ನ ಅಕ್ಕನ ಕಿವಿಯಲ್ಲಿ ಏನೋ ಹೇಳಿದ; ಅವಳು ಗಂಡನ ಕಡೆ ನೋಡಿ, ಬೆರಳಿನಿಂದ ಗಾಳಿಯಲ್ಲಿ ಅವನ ಹೆಸರು ಬರೆದಳು.

ಅಷ್ಟರಲ್ಲಿ ಹೋಟೆಲಿನವರು ಲೋಟ ಹಿಡಿದೇ ಹಂಡೆಯಣ್ಣನನ್ನು ಮೂಲೆಗೆ ಕರೆದರು. "ನಮ್ಮಿಬ್ಬರೊಳಗೇ ಇರಲಿ. ಈ ಅಗಿಯೋದು ಗಿಗಿಯೋದು ಎಲ್ಲ ಬರೀ ಲೇಬಲ್ಲಿನ ಮಾತು ತಾನೇ?"

ಸಿಕ್ಕಿಬಿದ್ದೆ ಎಂದುಕೊಂಡ ಹಂಡೆಯಣ್ಣ. ಹೌದು ಎಂದರೆ ಹೋಟೆಲು ಹೋಯಿತು, ಹೆಸರು ಹೋಯಿತು. ಆಚೆ ನಿಂತ ಐದು ದವಡೆಗಳು ಸುಮ್ಮನೆ ಬಿಡುತ್ತವೆಯೇ? ದೇವರ ಮೇಲೆ ಆಣೆಯಿಡಲು ನಾಲಿಗೆ ಏಳಲಿಲ್ಲ. ಹಂಡೆಯ ಮೇಲೆ ಕೈಯಿಟ್ಟ.

"ಈ ಹಂಡೆಯಾಣೆ ಸಾರ್! ಒಂದೊಂದು ಕಾಳೂ ಅಗಿದಿದ್ದೇ. ಬೇಕಾದರೆ ಅಗಿದವರನ್ನೇ ಕೇಳಿ. ಬನ್ರಪ್ಪ ಎಲ್ಲರೂ!"

ಸಾಕ್ಷಿಗಳು ಉತ್ಸಾಹದಿಂದ ಬಂದರು. ಅಷ್ಟು ಕಷ್ಟಪಟ್ಟಿದ್ದನ್ನು ಕೇಳುವವರೊಬ್ಬರು ಸಿಕ್ಕಿದ್ದರಲ್ಲ.

"ತುತ್ತಿಗೆ ಮೂವತ್ತೆರಡು ಸಲ" ಎಂದರು ಲೆಕ್ಕದವರು.

"ನಾಲಿಗೆ ಕಚ್ಚಿಕೊಂಡು ರಕ್ತ ಬಂತು ಸಾರ್, ಆದರೂ ನಾನು ಬಿಡಲಿಲ್ಲ" ಎಂದಳು ಬಾಟಲಿ ತೊಳೆಯುವ ಅಕ್ಕ.

ಹೋಟೆಲಿನವರ ಕೈಯ ಲೋಟ ಮೆಲ್ಲಗೆ ಕೆಳಗಿಳಿಯಿತು.

"ಇದರಲ್ಲೇ ಸಾರ್ ಅಗಿದಿದ್ದು" ಎಂದು ಡ್ರೈವರು ಬಾಯಿ ಅಗಲಿಸಿ ತೋರಿಸಿದ. ಅದರೊಳಗೆ ಕೆಲವು ಹಲ್ಲು ಇದ್ದವು, ಕೆಲವು ಇರಲಿಲ್ಲ, ಕೆಲವು ಹೋಗಲೋ ಇರಲೋ ಎಂದು ಯೋಚಿಸುತ್ತಿದ್ದವು.

ಹೋಟೆಲಿನವರು ಕರವಸ್ತ್ರವನ್ನು ಬಾಯಿಗೊತ್ತಿಕೊಂಡು, ಬಾಟಲಿ ತೊಳೆಯುವ ನಲ್ಲಿಯ ಕಡೆ ಓಡಿದರು.

ಹಂಡೆಯಣ್ಣ ಟವೆಲ್ಲು ಹಿಡಿದು ಹಿಂದೆಯೇ ನಿಂತ. "ಸಾರ್, ತಪ್ಪಾಯ್ತು. ಹೇಳಿದ್ದೆಲ್ಲ ಸುಳ್ಳು. ಯಾರ ಬಾಯೂ ತಾಗಿಲ್ಲ. ಬಾರ್ಲಿ ಹಾಕಿದ್ದೀನಿ, ಶುದ್ಧ ಬಾರ್ಲಿ."

"ನನ್ನ ಸಮಾಧಾನಕ್ಕೆ ಹೇಳ್ತೀರಿ" ಎಂದರು ಹೋಟೆಲಿನವರು, ಇನ್ನೊಮ್ಮೆ ಮುಕ್ಕಳಿಸಿ.

"ಭಾವ, ಹೆದರಿಕೊಂಡು ಏನೇನೋ ಹೇಳಬೇಡಿ" ಎಂದ ಬಾಮೈದ. "ನಾವು ಅಗಿದಿದ್ದು ನಮಗೆ ಗೊತ್ತಿಲ್ವಾ?"

ನಿಜವನ್ನು ಯಾರೂ ನಂಬದೆ ಹಂಡೆಯಣ್ಣ ನಿಂತಿದ್ದಾಗಲೇ ಹಿತ್ತಿಲ ಬಾಗಿಲಿನಿಂದ ಕೋಳಿಯಮ್ಮ ಬಂದಳು. ಕೈಯಲ್ಲಿ ಖಾಲಿ ಬೋಗುಣಿ, ಮುಖದಲ್ಲಿ ಸಿಟ್ಟು.

"ಏನಯ್ಯ ಹಂಡೆಯಣ್ಣ, ಸೋಮವಾರ ಗೋಡೆ ಮೇಲಿಂದ ಸುರಿದೆಯಲ್ಲ ಅಗಿದ ಜೋಳ, ಅದು ಇನ್ನೂ ಇದ್ರೆ ಕೊಡು. ನನ್ನ ಕೋಳಿಗಳು ಆವತ್ತಿನಿಂದ ಅಗಿಯದ ಕಾಳು ಮುಟ್ತಾ ಇಲ್ಲ. ನಾನು ಅಗಿದು ಹಾಕ್ಲಾ?"

ಐದು ಮುಖಗಳು ಒಟ್ಟಿಗೆ ಹಂಡೆಯಣ್ಣನ ಕಡೆ ತಿರುಗಿದವು.

"ಕೋಳಿಗಾ?" ಎಂದಳು ಹೆಂಡತಿ. "ನಾನು ನಿಂಬೆಹಣ್ಣು ಹಾಡಿದ್ದು ಕೋಳಿಗಾ?"

"ಎರಡು ದಿನ ಗಂಜಿ ಕುಡಿದಿದ್ದೀನಿ" ಎಂದರು ಲೆಕ್ಕದವರು, ನಿಧಾನವಾಗಿ.

ಹೋಟೆಲಿನವರ ಮುಖಕ್ಕೆ ಮಾತ್ರ ಬಣ್ಣ ಮರಳಿತು. ಬಂದು ಲೋಟ ಎತ್ತಿ, ಉಳಿದದ್ದನ್ನು ಕೊನೆಯ ಹನಿಯವರೆಗೆ ಕುಡಿದರು. ಕೋಟಿನ ಗುಂಡಿ ಹಾಕಿಕೊಂಡು ಹೇಳಿದರು: "ಒಳ್ಳೆಯ ಬಿಯರ್. ಆದರೆ ಬಾರ್ಲಿಯ ಬಿಯರು ನಮ್ಮಲ್ಲಿ ಹನ್ನೊಂದು ಥರ ಇದೆ. ಅಗಿದಿದ್ದರೆ ನಾನು ಕುಡಿಯಲಾರೆ, ಅಗಿಯದಿದ್ದರೆ ಕೊಳ್ಳಲಾರೆ. ನಮಸ್ಕಾರ."

ಮುಂದಿನ ಮೂರು ದಿನ ಹಂಡೆಯಣ್ಣನ ಜೊತೆ ಶೆಡ್ಡಿನಲ್ಲೂ ಯಾರೂ ಮಾತಾಡಲಿಲ್ಲ, ಮನೆಯಲ್ಲೂ ಯಾರೂ ಮಾತಾಡಲಿಲ್ಲ. ಊಟದ ತಟ್ಟೆ ಮೇಜಿನ ಮೇಲೆ ತಾನಾಗಿ ಬಂದು ಕೂರುತ್ತಿತ್ತು. ಕೋಳಿಯಮ್ಮ ಮಾತ್ರ ಗೋಡೆಯಾಚೆಯಿಂದ ಆಗಾಗ ವಿಚಾರಿಸುತ್ತಿದ್ದಳು. ಅವನು ಹಳೆಯ ಕಾರ್ಖಾನೆಗೆ ಒಂದು ಅರ್ಜಿ ಬರೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡ.

ಬುಧವಾರ ಬಾಮೈದ ಕಾಗದವೊಂದನ್ನು ಬೀಸುತ್ತ ಓಡಿಬಂದ. ಹೋಟೆಲಿನವರು ನಡೆದದ್ದನ್ನೆಲ್ಲ ತಮ್ಮ ಯಜಮಾನಿಗೆ ವರದಿ ಮಾಡಿದ್ದರು. ಆಕೆ ಕುರ್ಚಿಯಿಂದ ಬೀಳುವಷ್ಟು ನಕ್ಕು, ನಮ್ಮ ಅತಿಥಿಗಳಿಗೆ ಇದೇ ಬೇಕು ಎಂದಿದ್ದಳಂತೆ.

"ಒಪ್ಪಿಕೊಂಡ್ರು ಭಾವ! ಪ್ರತಿ ವಾರ ಒಂದು ಪೆಟ್ಟಿಗೆ ಬಾಟಲಿ!"

ಹಂಡೆಯಣ್ಣನ ಕಣ್ಣು ತುಂಬಿತು. ಜೇಬಿನ ಅರ್ಜಿಯನ್ನು ಹರಿದು ಹಾಕಿದ. "ಹೆಸರು?" ಎಂದ.

"ಹೆಸರನ್ನ ಅವರೇ ಕೇಳಿದ್ದಾರೆ! ದೊಡ್ಡ ಅಕ್ಷರದಲ್ಲಿ ಬಾಟಲಿ ಮೇಲೆ ಇರಲೇಬೇಕಂತೆ. ಬೇರೆ ಷರತ್ತು ಎರಡೇ. ಈ ಸಲ ನಿಜವಾಗಲೂ ಅಗಿಯಬೇಕು, ಅವರ ಮನುಷ್ಯ ಎದುರಿಗೆ ಕೂತು ನೋಡ್ತಾನೆ. ಮತ್ತೆ ಐದು ಬಾಯಿ ಬೇಡ, ಒಂದೇ ಬಾಯಿ ಇರಬೇಕು. ಆ ಬಾಯಿಗೆ ದಂತವೈದ್ಯರ ಸರ್ಟಿಫಿಕೇಟು."

ಮಧ್ಯಾಹ್ನ ಎಲ್ಲರೂ ವ್ಯಾನಿನಲ್ಲಿ ದಂತವೈದ್ಯರಲ್ಲಿಗೆ ಹೋದರು. ಲೆಕ್ಕದವರ ಹಲ್ಲುಗಳಲ್ಲಿ ಸಿಮೆಂಟು ಹೆಚ್ಚು, ಹಲ್ಲು ಕಡಿಮೆ. ಬಾಮೈದನಿಗೆ ವಸಡಿನ ಬಾವು. ಬಾಟಲಿ ತೊಳೆಯುವ ಅಕ್ಕನ ನಾಲಿಗೆಯ ಗಾಯ ಇನ್ನೂ ಮಾಗಿರಲಿಲ್ಲ. ಡ್ರೈವರನ್ನು ವೈದ್ಯರು ಮತ್ತೆ ಬೇರೆ ದಿನ, ಸಮಯ ಮಾಡಿಕೊಂಡು ಬರಲು ಹೇಳಿದರು. ಹೆಂಡತಿ ಬಾಯಿ ತೆರೆಯಲೇ ಇಲ್ಲ.

ಹಂಡೆಯಣ್ಣನ ಬಾಯಿಗೆ ದೀಪ ಹಿಡಿದ ವೈದ್ಯರು ನರ್ಸನ್ನು ಕರೆದು ತೋರಿಸಿದರು. "ನೋಡಮ್ಮ, ಇಂಥ ಬಾಯಿ ನೋಡಿ ವರ್ಷಗಳೇ ಆದವು."

ವ್ಯಾನಿನಲ್ಲಿ ಹಿಂದಿರುಗುವಾಗ ಎಲ್ಲರ ಮುಖದಲ್ಲೂ ಒಂದು ಬಗೆಯ ಶಾಂತಿಯಿತ್ತು. ಹಂಡೆಯಣ್ಣನೇ ಬಾಯಿ ಬಿಟ್ಟ. "ಅಲ್ಲಯ್ಯ, ನಾನು ಅಗೀತಾ ಕೂತರೆ ಹಂಡೆ ನೋಡಿಕೊಳ್ಳೋರು ಯಾರು?"

"ಹಂಡೆಗೆ ಬೇರೆಯವರನ್ನ ಗೊತ್ತುಮಾಡಿದ್ದೀನಿ ಭಾವ. ಅಂಥವರು ಬೇಕಾದಷ್ಟು ಸಿಗ್ತಾರೆ. ಸಿಗದೇ ಇರೋದು ಬಾಯಿ."

ಹೊಸ ಲೇಬಲ್ಲು ಅಚ್ಚಾಗಿ ಬಂದ ದಿನ ಬಾಮೈದ ಅಂಟು ಆರದ ಮೊದಲ ಬಾಟಲಿಯನ್ನು ತಂದು ಹಂಡೆಯಣ್ಣನ ಕಣ್ಣೆದುರು ಹಿಡಿದ. ಹೆಸರು ಇತ್ತು, ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ದೂರದಿಂದಲೂ ಓದುವಷ್ಟು ದೊಡ್ಡದಾಗಿ, ಚಿನ್ನದ ಬಣ್ಣದಲ್ಲಿ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಒಂದೇ ಪದ: 'ಅಗಿದವರು'.

"ಚೆನ್ನಾಗಿದೆಯಾ ಭಾವ?"

ಹಂಡೆಯಣ್ಣನಿಗೆ ಹೇಳುವುದು ಬಹಳ ಇತ್ತು. ಆದರೆ ಎದುರಿಗೆ ಹೋಟೆಲಿನ ಮನುಷ್ಯ ಕಣ್ಣು ಮಿಟುಕಿಸದೆ ಕೂತಿದ್ದ, ಬಾಯಿ ತುಂಬ ಜೋಳವಿತ್ತು. ತಲೆಯಾಡಿಸಿದ.