ಪಡುವಣ ಕಿಟಕಿಗೊಂದು ಬಣ್ಣ

ಕೆಲವರಿಗೆ ದೇವರ ಮೇಲೆ ನಂಬಿಕೆ ಇರುವುದಿಲ್ಲ, ಕೆಲವರಿಗೆ ಡಾಕ್ಟರ ಮೇಲೆ, ಇನ್ನು ಕೆಲವರಿಗೆ ಹವಾಮಾನ ವರದಿಯ ಮೇಲೆ. ನನಗೆ ನನ್ನ ಮೇಲೆಯೇ ಇಲ್ಲ. ಇದನ್ನು ವಿನಯವೆಂದು ತಿಳಿಯಬೇಡಿ. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಓದುವಾಗ, ಕಣ್ಣಿಗೆ ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಸುಮ್ಮನೆ ಒಪ್ಪಿಕೊಳ್ಳಬಾರದು ಎಂದು ನಮ್ಮ ಮೇಷ್ಟ್ರು ಕಲಿಸಿದರು. ಅವರು ಹೀಗೆ ಹೇಳಿದ್ದು ನಿಜವೋ, ನಾನೇ ಎಲ್ಲೋ ಓದಿ ಅವರ ಬಾಯಿಗೆ ಹಾಕಿದ್ದೋ ಎಂಬುದೂ ಈಗ ಖಚಿತವಿಲ್ಲ. ಇಷ್ಟು ವಿದ್ಯೆಯನ್ನು ಇಟ್ಟುಕೊಂಡು ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಬಹಳ ವರ್ಷ ನೆಮ್ಮದಿಯಿಂದ ಕೆಲಸ ಮಾಡಿದೆ. ಅಲ್ಲಿ ಸಂಶಯಕ್ಕೆ ಮರ್ಯಾದೆಯಿತ್ತು. ಯಾವ ಕಡತ ಬಂದರೂ ‘ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದು’ ಎಂದು ಬರೆದು ಮುಂದಕ್ಕೆ ಕಳಿಸುತ್ತಿದ್ದೆ. ಎಲ್ಲರೂ ನನ್ನನ್ನು ಆಳವಾದ ಮನುಷ್ಯ ಎಂದುಕೊಂಡಿದ್ದರು. ತೊಂದರೆ ಶುರುವಾದದ್ದು ನಮ್ಮ ಸ್ವಂತ ಮನೆಯ ಮುಂಭಾಗದ ಕಿಟಕಿಗಳ ವಿಷಯದಲ್ಲಿ. ಕಿಟಕಿಯನ್ನು ಮುಂದಕ್ಕೆ ಕಳಿಸಲು ಬರುವುದಿಲ್ಲ.

ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲ ಬಣ್ಣ ಎನ್ನುವುದು ನಮ್ಮ ಚಿಂತೆಯಾಗಿರಲಿಲ್ಲ. ಸರ್ಕಾರ ಬಳಿದದ್ದೇ ನಮ್ಮ ಬಣ್ಣ. ಎಲ್ಲ ಬ್ಲಾಕುಗಳೂ ಒಂದೇ ತರಹ ಇದ್ದದ್ದರಿಂದ ಒಮ್ಮೆ ನಾನು ಎದುರಿನ ಬ್ಲಾಕಿಗೆ ಹೋಗಿ, ಯಾರದೋ ಮನೆಯ ಸೋಫಾದ ಮೇಲೆ ಕೂತು, ಬೂಟು ಬಿಚ್ಚುತ್ತಾ ಚಹಾ ಕೇಳಿದ್ದೂ ಉಂಟು. ಅವರು ಒಳ್ಳೆಯವರು, ಕೊಟ್ಟರು. ನಿವೃತ್ತಿಗೆ ಸ್ವಲ್ಪ ಮೊದಲು ಜನಕಪುರಿಯಲ್ಲಿ ಹಳೆಯದೊಂದು ಚಿಕ್ಕ ಮನೆ ಕೊಂಡೆವು. ನೋಡಲು ಹೋದದ್ದು ಡಿಸೆಂಬರಿನಲ್ಲಿ. ಪಶ್ಚಿಮಕ್ಕೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಮಧ್ಯಾಹ್ನದ ಹಿತವಾದ ಬಿಸಿಲು ಜಮಖಾನದ ಹಾಗೆ ಹಾಸಿಕೊಂಡಿತ್ತು. ನನ್ನ ಹೆಂಡತಿ ವಸುಧಾ ಅದರ ಮಧ್ಯೆ ನಿಂತು, “ಎಷ್ಟು ಬೆಚ್ಚಗಿದೆ ರೀ” ಅಂದಳು. ದಿಲ್ಲಿಯ ಮನೆಯನ್ನು ಡಿಸೆಂಬರಿನಲ್ಲಿ ನೋಡಿ ಕೊಳ್ಳುವುದೆಂದರೆ ಹುಡುಗನನ್ನು ಫೋಟೋದಲ್ಲಿ ನೋಡಿ ಒಪ್ಪಿಕೊಂಡ ಹಾಗೆ. ನಿಜವಾದ ಸ್ವಭಾವ ಮೇ ತಿಂಗಳಲ್ಲಿ ಗೊತ್ತಾಗುತ್ತದೆ.

ಆ ಮುಂದಿನ ಕೋಣೆಯಲ್ಲೇ ವಸುಧಾಳ ಸಂಗೀತ ಪಾಠ. ನನ್ನ ನೌಕರಿಯ ಕಾಲದಲ್ಲಿ ಅವಳು ಹಾಡಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು: ಮಗಳ ಪರೀಕ್ಷೆ, ಮೇಲಿನ ಮನೆಯವರ ತಲೆನೋವು, ನನ್ನ ಅಭಿಪ್ರಾಯಗಳು. ಜನಕಪುರಿಗೆ ಬಂದ ಮೇಲೆ ಮೊದಲ ಬಾರಿಗೆ ಅವಳದೇ ಆದ ಜಾಗ ಸಿಕ್ಕಿತು. ಒಂದು ತಮಿಳು ಮಗು ಬಂತು, ಅದರ ಹಿಂದೆ ಇಬ್ಬರು ಕನ್ನಡದ ಹುಡುಗಿಯರು, ಅವರ ಹಿಂದೆ ಎದುರು ಸಾಲಿನ ಅರೋರಾ ಅವರ ಅವಳಿ ಹೆಣ್ಣುಮಕ್ಕಳು. ಆ ಅವಳಿಗಳು ಸರಳೆವರಸೆಯನ್ನು ಭಾಂಗ್ಡಾದ ಉತ್ಸಾಹದಲ್ಲಿ ಹಾಡುತ್ತಾರೆ, ಆದರೆ ಶ್ರುತಿ ತಪ್ಪುವುದಿಲ್ಲ. ಪಾಠ ನಾಲ್ಕರಿಂದ ಐದು. ಐದರ ಮೇಲೆ ಮಕ್ಕಳಿಗೆ ಗಣಿತದ ಟ್ಯೂಷನ್. ಈ ಊರಿನಲ್ಲಿ ಸರಸ್ವತಿಗೆ ಉಳಿಯುವುದು ಆ ಒಂದು ಗಂಟೆ. ಅದೇ ಗಂಟೆಯಲ್ಲಿ ಸೂರ್ಯನೂ ಮೂರು ಕಿಟಕಿಗಳಿಂದ ಪಾಠಕ್ಕೆ ಬಂದು ಕೂರುತ್ತಾನೆ. ಪರದೆ ಹಾಕಿದರೆ ಪರದೆ ಬಿಸಿಯಾಗುತ್ತದೆ. ಏಸಿ ಹಾಕಿದರೆ ಅದರ ಗುಂಯ್ ಬೇರೆ ಶ್ರುತಿಯಲ್ಲಿರುತ್ತದೆ. ಹಿಂದಿನ ಕೋಣೆ ತಂಪಾಗಿದೆ ನಿಜ, ಆದರೆ ಅಲ್ಲಿ ನನ್ನ ಪುಸ್ತಕಗಳ ನಡುವೆ ಒಂದು ಮಗು ಕೂರಬಹುದು, ಅದೂ ನಿಂತುಕೊಂಡು. ಕಳೆದ ಬೇಸಿಗೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಮಳೆ ಬಂದ ಮೇಲೆ ವಾಪಸು ಬಂದರೂ ಎಲ್ಲವನ್ನೂ ಮರೆತು ಬಂದರು. “ಇನ್ನೊಂದು ಬೇಸಿಗೆ ಹೀಗಾದರೆ ಯಾರೂ ತಿರುಗಿ ಬರಲ್ಲ” ಎಂದು ವಸುಧಾ ತಂಬೂರಿಗೆ ಗವಸು ಹಾಕುತ್ತಾ ಹೇಳಿದಾಗ, ನನಗೂ ವಿಷಯದ ತೂಕ ಗೊತ್ತಾಯಿತು.

ಉಪಾಯವನ್ನು ಹೇಳಿದವನು ನಾನೇ. ಬಿಸಿಲನ್ನು ಒಳಗೆ ಬಿಟ್ಟುಕೊಂಡು ತಡೆಯುವುದಲ್ಲ, ಹೊರಗೇ ನಿಲ್ಲಿಸಬೇಕು; ಅದಕ್ಕೆ ಕಿಟಕಿಗಳಿಗೆ ಹೊರಗಿನಿಂದ ಶಟರ್ ಹಾಕಿಸಬೇಕು ಎಂದೆ. ಅಂಗಡಿಯ ಮುಂದೆ ಗಡಗಡ ಎಳೆಯುವ ತಗಡಲ್ಲ. ಗೋಡೆಯ ಮೇಲೆ ಎರಡು ರೆಕ್ಕೆಗಳಂತೆ ತೆರೆದುಕೊಳ್ಳುವ, ಗಾಳಿ ಬಿಟ್ಟು ಬಿಸಿಲು ತಡೆಯುವ, ಅಡ್ಡಪಟ್ಟಿಗಳ ಬಾಗಿಲು. ವಸುಧಾ ಅಂದು ನನ್ನನ್ನು ನೋಡಿದ ನೋಟ ಮದುವೆಯ ಹೊಸದರಲ್ಲಿ ನೋಡಿದಂತಿತ್ತು. ಅಲ್ಲಿಗೆ ನಿಲ್ಲಿಸಿ, ಆರ್ಡರ್ ಕೊಟ್ಟುಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರುತ್ತಿರಲಿಲ್ಲ.

ದಸರೆಯ ಮರುವಾರ ಕೀರ್ತಿನಗರದ ಅಂಗಡಿಯೊಂದಕ್ಕೆ ಹೋದೆವು. ಮಾಲೀಕ ಸಚ್‌ದೇವ ನಗುಮುಖದ ಮನುಷ್ಯ. ತೇಗದ್ದು, ಅಲ್ಯೂಮಿನಿಯಂದು, ಪ್ಲಾಸ್ಟಿಕ್ಕಿನಂಥದ್ದು ಎಂದು ಮೂರು ಬಗೆ ತೋರಿಸಿ, “ತೀನೋಂ ಮೇ ಲೈಫ್‌ಟೈಮ್ ಗ್ಯಾರಂಟಿ, ಸರ್‌ಜೀ” ಎಂದ.

“ಯಾರ ಲೈಫು?” ಎಂದು ಕೇಳಿದೆ.

ಅವನು ನನ್ನ ನರೆತ ತಲೆಯ ಕಡೆ ನೋಡಿ, “ಆಪ್ ಕೀ, ಸರ್‌ಜೀ” ಎಂದ. ಆಮೇಲೆ ಏನೋ ಹೊಳೆದವನಂತೆ, “ಭಗವಾನ್ ಆಪ್ ಕೋ ಲಂಬೀ ಉಮರ್ ದೇ” ಎಂದು ದೀರ್ಘಾಯುಷ್ಯವನ್ನೂ ಹಾರೈಸಿದ.

ತೇಗಕ್ಕೆ ಗೆದ್ದಲು ಹಿಡಿಯಬಹುದು. ಅಲ್ಯೂಮಿನಿಯಂ ಮೇ ತಿಂಗಳ ಧೂಳುಗಾಳಿಗೆ ಗಲಗಲ ಎನ್ನಬಹುದು. ಪ್ಲಾಸ್ಟಿಕ್ಕು ಬಿಸಿಲಿಗೆ ಬಿಳಿಚಿಕೊಳ್ಳಬಹುದು. ಸಚ್‌ದೇವನ ಮಾತನ್ನು ಹೇಗೆ ನಂಬುವುದು? ಮೂರು ಬಗೆಯದೂ ಒಂದೊಂದು ತುಂಡು ಕೇಳಿ ತಂದು, ಮೂರಕ್ಕೂ ಒಂದೇ ಕಂದು ಬಣ್ಣ ಬಳಿದು ತಾರಸಿಯ ಮೇಲಿಟ್ಟೆ. ಪರೀಕ್ಷೆ ನಿಷ್ಪಕ್ಷಪಾತವಾಗಿರಬೇಕಲ್ಲ. ದಿನಾ ಬೆಳಿಗ್ಗೆ ನೀರು ಚಿಮುಕಿಸಿದೆ, ಮಧ್ಯಾಹ್ನ ತಿರುವಿ ಹಾಕಿದೆ. ನಮ್ಮಜ್ಜಿ ಹಪ್ಪಳಕ್ಕೆ ಇಷ್ಟು ಉಪಚಾರ ಮಾಡುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಒಂದು ಸೊಟ್ಟಗಾಗಿತ್ತು, ಒಂದನ್ನು ಕೋತಿ ಒಯ್ದಿತ್ತು, ಒಂದು ಮಾತ್ರ ಹೊಸದರಂತೆ ಗಟ್ಟಿಯಾಗಿತ್ತು. ಅದು ಯಾವುದೆಂದು ನೆನಪಾಗಲಿಲ್ಲ. ಗುರುತು ಹಾಕಿರಲಿಲ್ಲ, ಮೂರೇ ಮೂರು ತುಂಡು, ನೆನಪಿರುತ್ತದೆ ಎಂದುಕೊಂಡಿದ್ದೆ. ಬಡಿದು ನೋಡಿ ಹೇಳಬಹುದೇನೋ, ಆದರೆ ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಧೂಳು. ಅದರ ಸದ್ದು ನನಗೆ ಯಾವ ಖಚಿತ ಜ್ಞಾನವನ್ನೂ ಕೊಡಲಿಲ್ಲ. ಕಾಲೇಜಿಗೆ ಹೋಗುವ ಮಗಳು ಮೇಘನಾ, “ಅಪ್ಪಾ, ಕೋತಿ ಸೋಚ್ ಸಮಝ್ ಕೇ, ಯೋಚ್ನೆ ಮಾಡೇ ಒಯ್ದಿರುತ್ತೆ. ಅದನ್ನೇ ಕೇಳು” ಎಂದಳು.

ಬಣ್ಣದ ವಿಷಯದಲ್ಲಾದರೂ ನನಗೆ ಸಂಶಯವಿರಲಿಲ್ಲ. ಧಾರವಾಡದಲ್ಲಿ ಓದುವಾಗ ನಾನು ಮತ್ತು ಗೆಳೆಯ ಬಸವರಾಜ ಇದ್ದ ಬಾಡಿಗೆ ಕೋಣೆಯ ಕಿಟಕಿಗೆ ಒಂದು ಹಸಿರು ಬಣ್ಣವಿತ್ತು. ಎಳೆ ತೊಂಡೆಕಾಯಿಯ ಹಸಿರು. ಬೆಳಗಿನ ಹೊತ್ತು ಅದನ್ನು ತೆರೆದರೆ ಆಚೆ ಒಂದು ಬೇಲಿ, ಬೇಲಿಯಾಚೆ ಒಂದು ಬಿಳಿ ಹಸು. ಇದೇ ಬಣ್ಣವಾಗಬೇಕು ಎಂದು ಸಚ್‌ದೇವನಿಗೆ ವರ್ಣಿಸಿದೆ. ಅವನು ಹಸಿರಿನದೇ ಒಂದು ಕಂತೆ ಕಾರ್ಡು ಕೊಟ್ಟ. ಯಾವುದು ಹತ್ತಿರವೆಂದು ಖಚಿತಪಡಿಸಿಕೊಳ್ಳಲು ಬಸವರಾಜನಿಗೆ ಫೋನು ಮಾಡಿ ಸ್ಪೀಕರಿನಲ್ಲಿಟ್ಟೆ. ವಸುಧಾಳೂ ಕೇಳಲಿ ಎಂಬ ಉದ್ದೇಶವಿತ್ತು.

“ಯಾವ ಕಿಟಕಿ ಲೇ?” ಎಂದ ಅವನು. “ನಮ್ಮ ಖೋಲಿಗೆ ಕಿಟಕಿ ಎಲ್ಲಿತ್ತು? ಮೂರು ಕಡೆ ಗ್ವಾಡಿ, ಒಂದು ಕಡೆ ಬಾಗಲಾ. ಗಾಳಿ ಇಲ್ಲ ಅಂತ ದಿನಾ ಮಾಲಕರ ಜೋಡಿ ಜಗಳಾಡತಿದ್ದಿ.”

“ಬೇಲಿಯಾಚೆ ಹಸು ಇತ್ತಲ್ಲೋ.”

“ಹಾಂ, ಹಸು ಇತ್ತು. ಕ್ಯಾಲೆಂಡರದಾಗ. ಬಾಜೂಕ ಹಸರು ಕಿಟಕಿನೂ ಇತ್ತು, ಅದೂ ಕ್ಯಾಲೆಂಡರದಾಗ. ಗೊಬ್ಬರದ ಅಂಗಡ್ಯಾವರು ಕೊಟ್ಟಿದ್ರು.”

ವಸುಧಾ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. ಅವಳ ಭುಜಗಳು ಮಾತ್ರ ಬಹಳ ಹೊತ್ತು ಅಲುಗುತ್ತಿದ್ದವು. ನಾನು ಎರಡು ವರ್ಷ ಗೋಡೆಯನ್ನು ತೆರೆದು ಹಸು ನೋಡಿದ್ದೆ ಎಂಬುದು ಆ ದಿನದಿಂದ ನಮ್ಮ ಮನೆಯಲ್ಲಿ ಸ್ಥಾಪಿತ ಸತ್ಯವಾಯಿತು.

ನೆನಪನ್ನು ಬಿಟ್ಟು ಕಣ್ಣನ್ನೇ ನಂಬೋಣ ಎಂದರೆ ಅದು ನವೆಂಬರು. ಕಾರ್ಡುಗಳನ್ನು ಹಿಡಿದು ಗೇಟಿನ ಬಳಿ ನಿಂತರೆ ಊರಿಗೇ ಕವಿದ ಹೊಗೆಯಲ್ಲಿ ಎಳೆಹಸಿರು, ಗಿಳಿಹಸಿರು, ಕಡುಹಸಿರು ಎಲ್ಲವೂ ಹಳೆಯ ಚಹಾದ ಬಣ್ಣಕ್ಕೆ ತಿರುಗುತ್ತಿದ್ದವು. ಇಂಥ ಬೆಳಕಿನಲ್ಲಿ ಆರಿಸಿದರೆ ಹೊಗೆಯನ್ನು ಆರಿಸಿದಂತೆ, ಬಣ್ಣವನ್ನಲ್ಲ ಎಂದು ಮುಂದೂಡಿದೆ. ಡಿಸೆಂಬರಿನಲ್ಲಿ ಮಂಜು. ಜನವರಿಯಲ್ಲಿ ಇನ್ನೂ ಮಂಜು. ಫೆಬ್ರವರಿಯಲ್ಲಿ ಆಕಾಶ ತಿಳಿಯಾದಾಗ, ಪೇಂಟರನ್ನು ಕರೆಸಿ ಕಿಟಕಿಗಳ ಸುತ್ತ ಗೋಡೆಯ ಮೇಲೆ ಒಂದೊಂದು ಅಂಗೈಯಗಲ ಬಣ್ಣ ಹಚ್ಚಿಸಿದೆ. ಬೆಳಿಗ್ಗೆ ಹಿಡಿಸಿದ್ದು ಸಂಜೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ತಳ್ಳುಗಾಡಿಯ ತರಕಾರಿ ಭಯ್ಯಾ ಗೋಡೆಯನ್ನು ಕನಿಕರದಿಂದ ನೋಡಿ, “ಸಾಬ್, ದೀವಾರ್ ಕೋ ಖುಜಲೀ ಹೋ ಗಯೀ ಕ್ಯಾ?” ಎಂದು ಅದರ ತುರಿಕಜ್ಜಿಯನ್ನು ವಿಚಾರಿಸಿದ. ಪಾರ್ಸೆಲ್ ತರುವ ಹುಡುಗರಿಗೆ ಮನೆ ನಂಬರು ಹೇಳುವ ಅಗತ್ಯ ತಪ್ಪಿತು. ‘ಧಬ್ಬೇವಾಲಾ ಘರ್’, ಕಲೆಗಳ ಮನೆ, ಎಂದರೆ ಸಾಕಿತ್ತು.

ಹೋಳಿ ಮುಗಿಯಿತು. ಒಂದು ಸಂಜೆ ಅರೋರಾ ಅವರ ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತು ಸಂಕೋಚದಿಂದ ಹೇಳಿದರು: ಪಕ್ಕದ ಬೀದಿಯಲ್ಲಿ ಕೀಬೋರ್ಡ್ ಕ್ಲಾಸು ಶುರುವಾಗಿದೆ, ಅಲ್ಲಿ ಎರಡು ಏಸಿ ಇವೆ, ಏಪ್ರಿಲಿನಿಂದ ಮಕ್ಕಳನ್ನು ಅಲ್ಲಿಗೆ ಸೇರಿಸೋಣ ಎಂದುಕೊಂಡಿದ್ದೇವೆ. “ಬುರಾ ಮತ್ ಮಾನಿಯೇ, ಆಂಟೀಜೀ. ಗರಮೀ ಮೇ ಬಚ್ಚಿಯಾಂ...” ಎಂದು ಅರ್ಧಕ್ಕೇ ನಿಲ್ಲಿಸಿದರು. ವಸುಧಾ ನಗುತ್ತಲೇ, “ಕೋಯೀ ಬಾತ್ ನಹೀಂ” ಎಂದಳು. ಅವರು ಹೋದ ಮೇಲೆ ನಗು ಉಳಿಯಲಿಲ್ಲ. ನನ್ನ ಮುಂದೆ ಕೂತು ಬಹಳ ಮೆಲ್ಲಗೆ ಹೇಳಿದಳು: “ಆ ಇಬ್ಬರು ಹೋದರೆ ಉಳಿದವರೂ ಹೋಗ್ತಾರೆ ರೀ. ಪಾಠ ನಿಂತರೆ ನಂಗೆ ಬೇರೇನಿದೆ? ದಿನವಿಡೀ ನಿಮ್ಮ ಜೊತೆ ಮಾತಾಡ್ತಾ ಕೂರಬೇಕಾಗುತ್ತೆ. ನೀವೂ ಸ್ವಲ್ಪ ಯೋಚನೆ ಮಾಡಿ.”

ಯೋಚನೆ ಮಾಡಿದೆ. ಯೋಚನೆಯೇ ನನ್ನ ರೋಗ ಎಂಬುದನ್ನು ಅವಳು ಆ ಕ್ಷಣದಲ್ಲಿ ಮರೆತಿರಬೇಕು. ಎರಡು ಹಸಿರುಗಳ ನಡುವೆ ಇನ್ನೂ ತೂಗುತ್ತಿರುವಾಗಲೇ ಹಾಸನದಲ್ಲಿ ಅಣ್ಣನ ಮಗನ ಮದುವೆ ಬಂತು. ಪಾಠ ಬಿಟ್ಟು ಬರಲಾರೆ ಎಂದು ವಸುಧಾ ಉಳಿದಳು. ನಾನೊಬ್ಬನೇ ಹೋಗಿ, ಮದುವೆ, ಬೀಗರೂಟ, ನೆಂಟರ ಮನೆ ಎಂದು ಎಂಟು ಹತ್ತು ದಿನ ಕಳೆದು ಬಂದೆ.

ಮೆಟ್ರೋ ಸ್ಟೇಷನ್ನಿನಿಂದ ಆಟೋ ಹಿಡಿದೆ. ಧಬ್ಬೇವಾಲಾ ಘರ್ ಎಂದೆ. ಆಟೋದವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಅಂಥ ಮನೆಯೇ ಇಲ್ಲ ಎಂದ. ನಾನೂ ಕತ್ತು ಹೊರಗೆ ಹಾಕಿ ಹುಡುಕಿದೆ, ಇರಲಿಲ್ಲ. ಕೊನೆಗೆ ನಮ್ಮ ಗೇಟಿನಲ್ಲಿ ಮೇಘನಾ ನಿಂತು ಕೈ ಬೀಸುತ್ತಿದ್ದಳು. ಅವಳ ಹಿಂದೆ ಕೆನೆಬಣ್ಣದ ನುಣುಪಾದ ಗೋಡೆ. ಅದರ ಮೇಲೆ ಮೂರು ಜೊತೆ ಶಟರು, ಅಪ್ಪಟ ಬದನೆಕಾಯಿ ಬಣ್ಣ. ಮಿರಿಮಿರಿ ಮಿಂಚುವ, ಕಪ್ಪಿಗೆ ಒಂದೇ ಹೆಜ್ಜೆ ಹಿಂದಿರುವ ನೇರಳೆ. ಸಂಶಯವಾದಿಯಾದ ನಾನೂ ಒಪ್ಪಬೇಕು, ಮನೆ ಚೆನ್ನಾಗಿ ಕಾಣುತ್ತಿತ್ತು.

“ಇದೇನು ವಸು? ಯಾರು ಆರಿಸಿದ್ದು?” ಎಂದೆ.

“ನೀವೇ” ಎಂದಳು ಅವಳು, ನನ್ನ ಚೀಲ ಇಸಿದುಕೊಳ್ಳುತ್ತಾ. “ಅವತ್ತು ಎಣ್ಣೆಗಾಯಿ ಮಾಡೋಕೆ ಬದನೆಕಾಯಿ ತೊಳೆದಿಟ್ಟಿದ್ನಲ್ಲ. ಒಂದನ್ನ ಕೈಲಿ ಹಿಡ್ಕೊಂಡು, ಬಣ್ಣ ಅಂದ್ರೆ ಇದು ಕಣೇ, ಹಾಕಿಸಿದ್ರೆ ಇದನ್ನೇ ಹಾಕಿಸಬೇಕು ಅಂದ್ರಿ. ನೆನಪಿಲ್ವಾ?”

“ನಾನು ಅಂದೆನಾ?”

“ಹಾಂ ಅಪ್ಪಾ, ಮೈಂ ಭೀ ವಹೀಂ ಥೀ, ನಾನೂ ಕೇಳಿಸ್ಕೊಂಡೆ” ಎಂದಳು ಮೇಘನಾ. ಹೇಳಿದವಳು ಮೊಬೈಲಿಗೆ ಮುಖ ಅಂಟಿಸಿಕೊಂಡು ಬಿರಬಿರನೆ ಒಳಗೆ ಹೋದಳು.

“ಮತ್ತೆ ಅಲ್ಯೂಮಿನಿಯಂ?” ಎಂದೆ, ಶಟರಿನ ಪಟ್ಟಿಯೊಂದನ್ನು ಮುಟ್ಟಿ ನೋಡಿ.

“ನಿಮ್ಮ ತಾರಸಿ ಪರೀಕ್ಷೆಯಲ್ಲಿ ಗಟ್ಟಿಯಾಗಿ ಉಳಿದದ್ದು ಅದೇ ತಾನೇ?”

ಸಂಶಯ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ನಾನ ಮಾಡುತ್ತಾ ಕೂಲಂಕಷವಾಗಿ ವಿಚಾರ ಮಾಡಿದೆ. ನಾನು ಹಾಗೆ ಹೇಳಿಲ್ಲ ಎನ್ನಬೇಕಾದರೆ ನನ್ನ ನೆನಪನ್ನೇ ಸಾಕ್ಷಿಗೆ ಕರೆಯಬೇಕು. ಆ ಸಾಕ್ಷಿಯ ಯೋಗ್ಯತೆ ಧಾರವಾಡದ ಹಸುವಿನ ಕಾಲದಿಂದಲೇ ಎಲ್ಲರಿಗೂ ಗೊತ್ತು. ಆ ಕಡೆಯಾದರೋ ಇಬ್ಬರು ಸಾಕ್ಷಿಗಳು, ಇಬ್ಬರೂ ಗೋಡೆಯನ್ನು ಗೋಡೆಯೆಂದೇ ನೋಡುವವರು. ಮೇಲಾಗಿ, ಎಣ್ಣೆಗಾಯಿಯ ಮುಂದೆ ನಾನು ಹಿಂದೆಯೂ ಅನೇಕ ದೊಡ್ಡ ಮಾತುಗಳನ್ನು ಆಡಿದ್ದೇನೆ. ಸಾಕ್ಷ್ಯವನ್ನೆಲ್ಲ ಅಳೆದು ನೋಡಿದರೆ, ನಾನು ಹೇಳಿರುವ ಸಂಭವವೇ ಹೆಚ್ಚು ಎಂದು ಸಾಬೂನು ತೊಳೆದುಕೊಳ್ಳುವಷ್ಟರಲ್ಲಿ ತೀರ್ಮಾನಿಸಿದೆ.

ಏಪ್ರಿಲ್ ಬಂತು, ಅದರ ಹಿಂದೆ ಮೇ ಬಂತು. ನಾಲ್ಕು ಗಂಟೆಗೆ ಶಟರು ಮುಚ್ಚಿದರೆ ಕೋಣೆಯ ನೆಲದ ಮೇಲೆ ಬಿಸಿಲಿನ ಸಣ್ಣ ಗೆರೆಗಳು ಮಾತ್ರ ಬೀಳುತ್ತವೆ. ಮಕ್ಕಳು ಆ ಗೆರೆಗಳ ಮೇಲೆ ಬೆರಳಿಟ್ಟು ತಾಳ ಹಾಕುತ್ತಾರೆ. ಅವಳಿಗಳು ಎಲ್ಲಿಗೂ ಹೋಗಲಿಲ್ಲ. ಅವರ ತಾಯಿ ಈಗ ಕರೆದೊಯ್ಯಲು ಅರ್ಧ ಗಂಟೆ ಮೊದಲೇ ಬಂದು, ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಾರೆ. ಸಂಗೀತಕ್ಕೋ ತಂಪಿಗೋ ಎಂದು ನಾನು ವಿಚಾರಿಸಲು ಹೋಗಿಲ್ಲ. ವಸುಧಾ ಅಡುಗೆ ಮಾಡುವಾಗಲೂ ಗುನುಗುತ್ತಿರುತ್ತಾಳೆ.

ಮೊನ್ನೆ ಅರೋರಾ ಅವರ ಹೆಂಡತಿ ಕೇಳಿದರು, ಇಷ್ಟು ಒಳ್ಳೆಯ ಬಣ್ಣ ಯಾರ ಪಸಂದು ಎಂದು. ನಾನು ಸಹಜವಾದ ಸಂಕೋಚದಿಂದ, ನನ್ನದೇ ಎಂದೆ. ಅವರಿಗೆ ಆ ದಿನವನ್ನು ವಿವರವಾಗಿಯೇ ಹೇಳಿದೆ. ಈಗ ನನಗೆ ಅದು ಸ್ಪಷ್ಟವಾಗಿ ನೆನಪಿದೆ: ಬುಟ್ಟಿಯಲ್ಲಿ ಒದ್ದೆ ಬದನೆಕಾಯಿಗಳು, ಅವುಗಳ ಮೇಲೆ ಕಿಟಕಿಯ ಬೆಳಕು, ನಾನು ತೊಟ್ಟಿದ್ದ ಬೂದು ಸ್ವೆಟರು, ಹೊರಗೆ ಜಿಟಿಜಿಟಿ ಮಳೆ. ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದೆ. ಆ ಕ್ಷಣವೇ ಒಳಗಿನ ಎಲ್ಲ ಗೊಂದಲ ನಿಂತುಹೋಯಿತು. ಮನುಷ್ಯನಿಗೆ ಖಚಿತ ಜ್ಞಾನ ದೊರಕುವುದು ಹಾಗೆಯೇ ಎಂದೆ. ಅವರು ಬಹಳ ಗೌರವದಿಂದ ತಲೆದೂಗಿದರು.

ಒಳಗಿನಿಂದ ವಸುಧಾ ಕೂಗಿ ಹೇಳಿದಳು: “ಮಳೆ ಇರ್ಲಿಲ್ಲ ರೀ ಅವತ್ತು. ಬರೀ ಮಂಜು.”

ಸರಿಯೆನ್ನಿಸಿತು, ಮಂಜೇ ಇರಬೇಕು. ಇಂಥ ವಿಷಯಗಳಲ್ಲಿ ಅವಳ ನೆನಪು ನನ್ನದಕ್ಕಿಂತ ಗಟ್ಟಿ.