ಇಪ್ಪತ್ತರ ಚಿಪ್ಪು

ಒಂಬತ್ತು ಹೊಸ ಮೆಮೊರಿ ಚಿಪ್ಪುಗಳ ಬೆನ್ನ ಮೇಲೆ ಹನ್ನೆರಡು ಎಂದು ಅಚ್ಚಾಗಿದ್ದುದೇ ಎಲ್ಲಕ್ಕೂ ಕಾರಣ.

ಪುರಂದರ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಆರ್.ಎಸ್. ಪುರಂನ ತನ್ನ ಮನೆಯ ಊಟದ ಮೇಜನ್ನು ಆಕ್ರಮಿಸಿಕೊಂಡು, ಎರಡು ವರ್ಷ ಬಿಡಿಭಾಗ ಕೂಡಿಹಾಕಿ, ಎಂಬತ್ತೆಂಟನೇ ಇಸವಿಯ ಹೊತ್ತಿಗೆ ಒಂದು ಕಂಪ್ಯೂಟರ್ ಜೋಡಿಸಿದ್ದ. ಹೆಂಡತಿ ಭಾಮಾ ಅಂದಿನಿಂದ ನೆಲದ ಮೇಲೆ ಎಲೆ ಹಾಕುತ್ತಿದ್ದಳು. ರೇಷ್ಮೆ ಸೀರೆಯ ಸೆರಗಿನ ಚಿತ್ತಾರವನ್ನು ಎಳೆ ಎಳೆಯಾಗಿ ಪರದೆಯ ಮೇಲೆ ಬಿಡಿಸುವ ಪ್ರೋಗ್ರಾಮನ್ನೂ ಅವನೇ ಬರೆದಿದ್ದ. ಹೋದ ತಿಂಗಳು ಸಿರುಮುಗೈ ನೇಕಾರರ ಸಂಘದ ಕುಪ್ಪುಸಾಮಿ ಮಾಸ್ಟರು ನೋಡಲು ಬಂದಾಗ ಅನ್ನಪಕ್ಷಿಯ ಕತ್ತು, ರೆಕ್ಕೆ ಸರಸರನೆ ಮೂಡಿ, ಬಾಲದ ಹೊತ್ತಿಗೆ ಮೆಮೊರಿ ಮುಗಿದುಹೋಯಿತು. ಬಾಲವಿಲ್ಲದ ಹಕ್ಕಿಯನ್ನು ಯಾವ ಮದುಮಗಳು ಹೆಗಲ ಮೇಲೆ ಹೊರುತ್ತಾಳೆ? ಮಾಸ್ಟರು ಇಂದು ಮೂರು ಗಂಟೆಗೆ ಮತ್ತೆ ಬರುವವರಿದ್ದರು. ಒಪ್ಪಿದರೆ ಸಂಘದ ಡಿಸೈನೆಲ್ಲ ಪುರಂದರನಿಗೆ. ಪಂಪಿನ ನಟ್ಟು ಬೋಲ್ಟಿಗೆ ನಮಸ್ಕಾರ. ಅದಕ್ಕೇ ರಜೆ ಹಾಕಿ ಹೊಸ ಚಿಪ್ಪು ಸಿಕ್ಕಿಸಲು ಕೂತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಅನಂತಪದ್ಮನಾಭ ರಾಯರು ಪೇಪರ್ ಓದಲು ಬಂದರು. ಅಂಚೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಇನ್ಸ್‌ಪೆಕ್ಷನ್ ಮಾತ್ರ ನಿವೃತ್ತವಾಗಿರಲಿಲ್ಲ. ಭೂತಗನ್ನಡಿ ಹಿಡಿದು ಚಿಪ್ಪುಗಳ ಮೇಲೆ ಬಗ್ಗಿದರು.

"ಲೋ ಪುರಂದರಾ, ಹಳೇದ್ರ ಮೇಲೆ ಹದಿನೈದು ಅಂತಿದೆ. ಹೊಸದ್ರ ಮೇಲೆ ಹನ್ನೆರಡೇ! ಚೆನ್ನಾಗಿ ಮೋಸ ಮಾಡಿದಾನೆ ನಿಂಗೆ!"

"ಇಲ್ಲ ಮಾಮಾ, ಅದು ವೇಗದ ಲೆಕ್ಕ. ಕೇಳಿದ್ದನ್ನ ಎಷ್ಟು ಹೊತ್ತಲ್ಲಿ ಕೊಡತ್ತೆ ಅಂತ. ನಂಬರ್ ಕಮ್ಮಿ ಇದ್ದಷ್ಟೂ ಸ್ಪೀಡ್ ಜಾಸ್ತಿ."

"ಕಮ್ಮಿ ಇದ್ರೆ ಜಾಸ್ತಿನಾ? ಮೂವತ್ತೈದು ವರ್ಷ ಸರ್ವೀಸ್ ಮಾಡಿದೋನ ಹತ್ರ ಹೇಳ್ತೀಯಾ ಇದನ್ನ?"

ಪುರಂದರನಿಗೆ ಉರಿಯಿತು. ತೋರಿಸಿಯೇ ಬಿಡುತ್ತೇನೆಂದು ಒಂಬತ್ತನ್ನೂ ಒತ್ತಿ ಕೂರಿಸಿ ಸ್ವಿಚ್ ಹಾಕಿದ. ಪರದೆಯ ಮೂಲೆಯಲ್ಲಿ ಮೆಮೊರಿಯ ಎಣಿಕೆ ಓಡಿ, ಮೊದಲಿನಂತೆಯೇ ಇನ್ನೂರೈವತ್ತಾರಕ್ಕೆ ನಿಂತಿತು. ಹೊಸ ಚಿಪ್ಪುಗಳು ಬಂದದ್ದೇ ಅದಕ್ಕೆ ಗೊತ್ತಿಲ್ಲ!

ರಾಯರ ಮುಖ ಕಳ್ಳ ಪಾರ್ಸೆಲ್ ಹಿಡಿದವರಂತೆ ಬೆಳಗಿತು. ಒಳಗಿಂದ ಭಾಮಾ, "ರೀ, ಮಾಮಾ ಹೇಳೋದನ್ನೂ ಸ್ವಲ್ಪ ಕೇಳಬಾರ್ದಾ?" ಎಂದಳು. ಕಟ್ಟಿಕೊಂಡವಳೂ ಆ ಕಡೆ!

ಹತ್ತು ನಿಮಿಷದಲ್ಲಿ ರಾಯರೂ ಪುರಂದರನೂ ಚಿಪ್ಪು ಕೊಂಡ ಅಂಗಡಿಗೆಂದು ಗಾಂಧಿಪುರಂ ಬಸ್ಸಿನಲ್ಲಿದ್ದರು. ದಾರಿಯಲ್ಲಿ ರಾಯರು ಕಂಡಕ್ಟರಿಗೂ ಮೋಸದ ಕತೆ ಹೇಳಿದರು. ಕಂಡಕ್ಟರು ಪುರಂದರನನ್ನು, ತಪ್ಪಿಸಿಕೊಂಡು ಸಿಕ್ಕಿದ ಮಗುವನ್ನು ನೋಡುವಂತೆ ನೋಡಿದ.

ಅಂಗಡಿಯ ದೇವರಾಜನ್ ತಮಿಳಿನಲ್ಲಿ ಮೂರು ಸಲ ಸಮಾಧಾನವಾಗಿ ವಿವರಿಸಿದ: ಹನ್ನೆರಡೇ ವೇಗದ್ದು, ಹದಿನೈದರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ರಾಯರು ಮೂರು ಸಲವೂ ಮೇಜು ಕುಟ್ಟಿದರು. ಸೀರೆ ಅಂಗಡಿಗೆ ಹೊರಟವರೆಲ್ಲ ನಿಂತು ನೋಡಿದರು. ಕೊನೆಗೆ ದೇವರಾಜನ್ ರೇಗಿ, ಚಿಪ್ಪು ತುಂಬಿದ ಇನ್ನೊಂದು ಪ್ಲಾಸ್ಟಿಕ್ ಕೊಳವೆಯನ್ನು ಟಪ್ಪನೆ ಇಟ್ಟ.

"ಪೆರಿಯ ನಂಬರ್‌ದಾನೇ ವೇಣುಂ? ಇಂದಾಂಗ, ಇರುಪದು!"

ದೊಡ್ಡ ನಂಬರೇ ತಾನೇ ಬೇಕು, ತಗೊಳ್ಳಿ ಇಪ್ಪತ್ತು!

"ಅಯ್ಯೋ, ಇಪ್ಪತ್ತು ಎಲ್ಲಕ್ಕಿಂತ ನಿಧಾನದ್ದು ಮಾಮಾ, ಬೇಡ!" ಎಂದು ಪುರಂದರ ಕೂಗುವಷ್ಟರಲ್ಲಿ ರಾಯರು ಹನ್ನೆರಡನ್ನು ಒಪ್ಪಿಸಿ, ಇಪ್ಪತ್ತನ್ನು ಜೇಬಿಗಿಳಿಸಿ, ಹೊರಟಿದ್ದ ಬಸ್ಸನ್ನು ಕೊಡೆ ಅಡ್ಡ ಹಿಡಿದು ನಿಲ್ಲಿಸಿದ್ದರು.

"ಬಾಯಿ ಇದ್ದೋರಿಗೇ ಕಾಲ ಕಣೋ," ಎಂದರು ಸೀಟಿನಲ್ಲಿ ಕೂತು. ಪುರಂದರ ಮನೆಯವರೆಗೂ ಹಲ್ಲು ಕಡಿಯುತ್ತ ಬಂದ.

ಮನೆಯಲ್ಲಿ ಇಪ್ಪತ್ತನ್ನು ಸಿಕ್ಕಿಸುವಾಗ ಅವನ ಕಣ್ಣು ಬೋರ್ಡಿನ ಅಂಚಿಗೆ ಬಿತ್ತು. ಸಾಲಾಗಿ ಪುಟ್ಟ ಸ್ವಿಚ್ಚುಗಳು. ಮೆಮೊರಿ ಎಷ್ಟಿದೆ ಎಂದು ಯಂತ್ರಕ್ಕೆ ಹೇಳುವುದು ಅವೇ. ಬೆಳಿಗ್ಗೆ ರಾಯರ ಗದ್ದಲದಲ್ಲಿ ಅವನ್ನು ಮುಟ್ಟಲೇ ಇಲ್ಲ! ಹನ್ನೆರಡರಲ್ಲಿ ಯಾವ ದೋಷವೂ ಇರಲಿಲ್ಲ! ಹಣೆ ಚಚ್ಚಿಕೊಂಡು, ಭಾಮಾಳ ಹೇರ್‌ಪಿನ್ನಿನಿಂದ ಸ್ವಿಚ್ ಸರಿಸಿದ. ಎಣಿಕೆ ಐನೂರ ಹನ್ನೆರಡಕ್ಕೆ ಏರಿತು.

"ನೋಡಿದ್ಯಾ, ದೊಡ್ಡ ನಂಬರ್!" ಎಂದರು ರಾಯರು.

ಪುರಂದರ ಪ್ರೋಗ್ರಾಮ್ ಓಡಿಸಿದ. ಕತ್ತು ಬಂತು, ರೆಕ್ಕೆ ಬಂತು, ಬಾಲ ಶುರುವಾಗುತ್ತಲೇ ಪರದೆ ಕಪ್ಪಾಗಿ ಮೆಮೊರಿ ತಪ್ಪಿದೆ ಎಂಬ ಒಂದೇ ಸಾಲು ಮೂಡಿತು. ಮತ್ತೆ ಓಡಿಸಿದರೂ ಅಲ್ಲೇ. ಯಂತ್ರ ಕೇಳುವ ವೇಗಕ್ಕೆ ಇಪ್ಪತ್ತರ ಚಿಪ್ಪು, ಕೇಳಿದವನು ಕಿಟಕಿ ಬಿಟ್ಟು ಹೋದ ಮೇಲೆ ಫೈಲು ತೆಗೆಯುವ ಗುಮಾಸ್ತನಂತೆ, ಉತ್ತರ ಕೊಡುತ್ತಿತ್ತು. ಮತ್ತೆ ಅಂಗಡಿಗೆ ಓಡಲು ಹೊತ್ತಿಲ್ಲ; ಉಳಿದದ್ದು ಒಂದೇ ದಾರಿ. ಬೋರ್ಡಿನ ಮೂಲೆಯ ಎರಡು ಕಡ್ಡಿಗಳಿಗೆ ತೊಡಿಸಿದ ಪುಟ್ಟ ಟೊಪ್ಪಿಯನ್ನು ಕಿತ್ತರೆ ಇಡೀ ಯಂತ್ರ ಆಮೆಯ ವೇಗಕ್ಕಿಳಿಯುತ್ತದೆ. ಆ ವೇಗಕ್ಕಾಗಿ ಆರು ತಿಂಗಳು ಒದ್ದಾಡಿದ್ದ ಅವನಿಗೆ ಅದು ಸ್ವಂತ ಕಾಲಿಗೆ ಕಲ್ಲು ಕಟ್ಟಿಕೊಂಡಂತೆ.

ಗೇಟು ಕಿರುಗುಟ್ಟಿತು. ಕುಪ್ಪುಸಾಮಿ ಮಾಸ್ಟರು ಮುಂಚಿನ ಬಸ್ಸಿಗೇ ಬಂದಿದ್ದರು. ಪುರಂದರ ಟೊಪ್ಪಿ ಕಿತ್ತ.

ಅನ್ನಪಕ್ಷಿ ಒಂದೊಂದೇ ಸಾಲಾಗಿ ತೆವಳುತ್ತ ಮೂಡತೊಡಗಿತು. ಭಾಮಾ ಎರಡು ಸಲ ಕಾಫಿ ಕೊಟ್ಟಳು. ಪುರಂದರನ ಅಂಗಿ ಬೆವರಿಗೆ ಬೆನ್ನಿಗಂಟಿತು. ಮಾಸ್ಟರು ಮಾತ್ರ ಬೆರಳು ಮಡಚುತ್ತ, ಕಣ್ಣು ಮಿಟುಕಿಸದೆ ಕೂತಿದ್ದರು. ಮುಕ್ಕಾಲು ಗಂಟೆಯ ಮೇಲೆ ಬಾಲದ ಕೊನೆ ಗರಿ ಮುಗಿಯಿತು.

"ತಂಬಿ, ಬಾಲದಾಗೆ ಹದಿನೇಳನೇ ಸಾಲು, ಒಂದು ಎಳೆ ತಪ್ಪಿದೆ," ಎಂದರು. ಪುರಂದರ ಗಾಬರಿಯಿಂದ ಪರದೆಗೆ ಬಗ್ಗಿದ. "ಹೋದ ಮಾಸ ಓಡಿ ಓಡಿ ಬಂತು, ನನ್ನ ಕಣ್ಣಿಗೆ ಒಂದೂ ಸಿಗಲಿಲ್ಲ. ಚುಮ್ಮಾ ಬೊಂಬೆ ತೋರಿಸ್ತಾನೆ ಅಂದ್ಕಂಡೆ. ಇವತ್ತು ನಮ್ಮ ಮಗ್ಗದಂಗೇ ಸಾಲು ಸಾಲಾಗಿ ಬರ್ತದೆ. ನಿಂತು ಎಣಿಸಬಹುದು, ತಪ್ಪು ಹಿಡೀಬಹುದು. ನಂಗೆ ಇದೇ ಬೇಕು! ಯಾರು ಹಿಂಗೆ ಸರಿ ಮಾಡಿದ್ದು?"

ಪುರಂದರ ಬಾಯಿ ತೆರೆದ. ರಾಯರು ಅದಕ್ಕೂ ಮೊದಲೇ ಎದ್ದು ನಿಂತಿದ್ದರು.

"ನಾನೇ. ಇವನು ಹನ್ನೆರಡು ಹಾಕ್ಕೊಂಡು ಕೂತಿದ್ದ. ಅಂಗಡಿಗೆ ಎಳ್ಕೊಂಡು ಹೋಗಿ ಇಪ್ಪತ್ತು ಕೊಡಿಸ್ದೆ."

ಮಾಸ್ಟರು ಕೈ ಮುಗಿದರು. "ಸಂಘಕ್ಕೇ ಒಂದು ಮಿಷಿನ್ ತಗೊಳ್ಳೋದು ಅಂತ ತೀರ್ಮಾನ ಆಗದೆ ಸಾರ್. ತಂಬಿಗೆ ಫ್ಯಾಕ್ಟರಿ ಕೆಲಸ, ಪಾಪ, ಅವರಿಗೆ ಯಾಕೆ ತೊಂದರೆ? ನೀವೇ ಸಿಗೋದ್ರಲ್ಲಿ ದೊಡ್ಡ ನಂಬರ್ ನೋಡಿ ಹಾಕಿಸಿ, ಸಿರುಮುಗೈಗೆ ಬಂದು ನೋಡ್ಕಬೇಕು."

"ಸಾರ್, ಪ್ರೋಗ್ರಾಮ್ ಬರೆದದ್ದು ನಾನು!" ಪುರಂದರ ಚೀರಿದ.

"ಅದಕ್ಕೇ ತಂಬಿ, ಆ ಹದಿನೇಳನೇ ಸಾಲು ನೀವೇ ಸರಿ ಮಾಡಿ ಇವರ ಕೈಗೆ ಕೊಟ್ಟುಬಿಡಿ," ಎಂದು ಮಾಸ್ಟರು ಅವನ ಬೆನ್ನು ತಟ್ಟಿ ಚಪ್ಪಲಿ ಮೆಟ್ಟಿದರು.

ರಾಯರು ಅವರನ್ನು ಬೀಳ್ಕೊಡಲು ಗೇಟಿನವರೆಗೆ ಹೋದವರು ತಿರುಗಿ ನಿಂತರು.

"ಪುರಂದರಾ, ಫ್ಲಾಪೀನ ನಾಳೆ ಎಂಟೂವರೆ ಒಳಗೆ ಮನೆಗೆ ತಂದ್ಕೊಡು. ಲೇಟ್ ಮಾಡ್ಬೇಡ. ಒಂಬತ್ತಕ್ಕೆ ನಾನು ಆಫೀಸಿಗೆ ಹೋಗ್ಬೇಕು."